ಹುದುಗು

ಹುಟ್ಟುಹಬ್ಬಕ್ಕೆ ಇನ್ನೂ ಎರಡು ದಿನವಿತ್ತು. ಅಣ್ಣನ ಮಗಳು ಶಾಲೆ ಮುಗಿಸಿ ನೇರವಾಗಿ ನಮ್ಮ ಮನೆಗೆ ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಒಂದು ಕೈಯಲ್ಲಿ ಡಬ್ಬಿಯ ತಳದಿಂದ ತೆಗೆದ ಬಿಸ್ಕತ್ತು, ಇನ್ನೊಂದರಲ್ಲಿ ಮೂರು ದಿನ ಹಳೆಯ ಬನ್ನಿನ ತುಂಡು. ಎರಡನ್ನೂ ಒಂದೊಂದು ಸಲ ಕಚ್ಚಿ ನೋಡಿ ಕೇಳಿದಳು: "ಅತ್ತೆ, ಬಿಸ್ಕತ್ತು ಹಳೇದಾದ್ರೆ ಮೆತ್ತಗಾಗುತ್ತೆ. ಬನ್ನು ಹಳೇದಾದ್ರೆ ಗಟ್ಟಿಯಾಗುತ್ತೆ. ಎರಡೂ ಮೈದಾನೇ ಅಲ್ವಾ? ಯಾಕ್ ಹಾಗೆ?"

ಅವಳಿಗೆ ಒಂಬತ್ತು ತುಂಬುವುದರಲ್ಲಿತ್ತು. ನಾನು ನಾಲ್ಕು ದಶಕಗಳಿಂದ ಬಿಸ್ಕತ್ತನ್ನೂ ಬನ್ನನ್ನೂ ಮಾಡುತ್ತಿದ್ದೇನೆ. ಮೆತ್ತಗಾದ ಬಿಸ್ಕತ್ತನ್ನು ಬಿಸಿಲಿಗಿಟ್ಟಿದ್ದೇನೆ, ಗಟ್ಟಿಯಾದ ಬನ್ನನ್ನು ಹಾಲಿಗೆ ಅದ್ದಿದ್ದೇನೆ. ಆದರೆ ಆ ಎರಡು ಸಂಗತಿಗಳನ್ನು ಹೀಗೆ ಎರಡು ಕೈಯಲ್ಲಿ ಹಿಡಿದು ಅಕ್ಕಪಕ್ಕ ನೋಡಿರಲಿಲ್ಲ. "ತಡಿ ಪುಟ್ಟಿ, ಮಾಡ್ತಾ ಮಾಡ್ತಾ ನೋಡೋಣ" ಅಂದೆ. ಆಮೇಲೆ ಎರಡು ದಿನ ಆ ಪ್ರಶ್ನೆ ನನ್ನ ಜೊತೆಗೇ ಓಡಾಡಿತು.

ತಿಂಡಿಯನ್ನೆಲ್ಲ ಈ ಸಲ ಮನೆಯಲ್ಲೇ ಮಾಡಬೇಕೆಂಬುದು ಅವಳದೇ ಹಟ. ಇಪ್ಪತ್ತು ಮಕ್ಕಳು, ಅವರನ್ನು ಬಿಡಲು ಬರುವ ದೊಡ್ಡವರು, ಅಕ್ಕಪಕ್ಕದ ಮನೆಯವರು. ಕೂತು ಲೆಕ್ಕ ಹಾಕಿ ನಾಲ್ಕು ಬಗೆ ಸಾಕೆಂದುಕೊಂಡೆವು. ಒಂದೇ ತುತ್ತಿಗೆ ಹೋಗುವಂಥ ಪುಟ್ಟ ಖಾರ ಬನ್ನು, ಖಾರ ಬಿಸ್ಕತ್ತು, ನಿಪ್ಪಟ್ಟು, ಒಂದು ಕೇಕು. ನಿಪ್ಪಟ್ಟಿನ ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್ ತುರಿ, ಕೊತ್ತಂಬರಿ ಸೊಪ್ಪು, ನಾಲ್ಕು ಹನಿ ನಿಂಬೆರಸ. ಇವುಗಳಲ್ಲಿ ಯಾವುದೂ ಕಷ್ಟದ್ದಲ್ಲ. ಸಾಮಾನೆಲ್ಲ ಮನೆಯಲ್ಲೇ ಇರುವಂಥದ್ದು, ವಿಧಾನವೂ ಎರಡು ಸಾಲಿನಲ್ಲಿ ಹೇಳಿ ಮುಗಿಸುವಂಥದ್ದು. ಇಷ್ಟು ಸುಲಭವಾದ ಕೆಲಸದೊಳಗೆ ಏನೆಲ್ಲ ನಡೆಯುತ್ತದೆ ಎಂಬುದೇ ನನ್ನನ್ನು ಇವತ್ತಿಗೂ ಒಲೆಯ ಮುಂದೆ ನಿಲ್ಲಿಸುತ್ತದೆ.

ಖಾರ ಬಿಸ್ಕತ್ತು ನಾಲ್ಕು ದಿನ ಇಟ್ಟರೂ ಕೆಡುವುದಿಲ್ಲ, ಆದ್ದರಿಂದ ಅದನ್ನು ಮೊದಲು ಹಿಡಿದೆವು. ಕಾಲು ಕಿಲೋ ಮೈದಾ, ನೂರು ಗ್ರಾಂ ಬೆಣ್ಣೆ, ಉಪ್ಪು, ಒಂದು ಚಮಚ ಸಕ್ಕರೆ, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕರಿಬೇವು, ಕೊನೆಯಲ್ಲಿ ಎರಡು ಚಮಚ ಮೊಸರು. ಬೆಣ್ಣೆಯನ್ನು ಬೆರಳ ತುದಿಯಲ್ಲೇ ಹಿಟ್ಟಿಗೆ ಉಜ್ಜಬೇಕು, ನಾದಬಾರದು. ನನ್ನ ಅಮ್ಮ ಇದನ್ನು ಹೇಳುತ್ತಿದ್ದದ್ದು "ಹಿಟ್ಟಿಗೆ ಬೆಣ್ಣೆ ತೋರ್ಸು, ಜಗಳ ಆಡ್ಬೇಡ" ಅಂತ. ಬನ್ನಿನ ಹಿಟ್ಟಿಗೆ ಅವಳ ಮಾತು ಇದಕ್ಕೆ ತದ್ವಿರುದ್ಧ. ಅದನ್ನು ಹತ್ತು ನಿಮಿಷ ಎತ್ತಿ ಬಡಿದು, ಎಳೆದು, ಮಡಿಸಿ ನಾದಬೇಕಿತ್ತು. ಅದೇ ಚೀಲದ ಅದೇ ಮೈದಾ. ಒಂದಕ್ಕೆ ಸವರಿದರೆ ಸಾಕು, ಇನ್ನೊಂದಕ್ಕೆ ತೋಳು ನೋಯುವಷ್ಟು ದುಡಿಮೆ.

ಪುಟ್ಟಿಗೆ ಈ ವ್ಯತ್ಯಾಸವನ್ನು ಕೈಯಲ್ಲೇ ತೋರಿಸಬಹುದಿತ್ತು. ಬನ್ನಿಗೆ ನಾದಿದ ಹಿಟ್ಟಿನಿಂದ ನಿಂಬೆಗಾತ್ರದ ಉಂಡೆ ಕಿತ್ತು ಒಂದು ಬಟ್ಟಲು ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಹಿಸುಕಲು ಹೇಳಿದೆ. ನೀರು ಹಾಲಿನಂತೆ ಬೆಳ್ಳಗಾಯಿತು. ಚೆಲ್ಲಿ ಬೇರೆ ನೀರು ಕೊಟ್ಟೆ. ಮತ್ತೆ ಬಿಳುಪು. ಐದಾರು ಸಲ ಹೀಗೆ ತೊಳೆದ ಮೇಲೆ ಅವಳ ಅಂಗೈಯಲ್ಲಿ ಉಳಿದದ್ದು ಬೂದು ಬಣ್ಣದ, ರಬ್ಬರಿನಂತೆ ಎಳೆದಷ್ಟೂ ಬರುವ, ಬಿಟ್ಟರೆ ಹಿಂದಕ್ಕೆ ಸರಿಯುವ ಒಂದು ಜಿಗುಟು ಮುದ್ದೆ. "ಛೀ! ಇದು ಬನ್ನೊಳಗೆ ಇತ್ತಾ?" ಅಂದಳು. ಅಂದರೂ ಅದನ್ನು ಕೆಳಗಿಡಲಿಲ್ಲ. ಇಟಲಿಯ ಬೊಲೊನ್ಯಾದಲ್ಲಿ ಬೆಕ್ಕಾರಿ ಎಂಬ ವಿದ್ವಾಂಸ 1728ರಲ್ಲಿ ಗೋಧಿಹಿಟ್ಟನ್ನು ಹೀಗೆಯೇ ತೊಳೆದು, ಗಂಜಿಯ ಭಾಗವನ್ನೂ ಈ ಜಿಗುಟು ಭಾಗವನ್ನೂ ಬೇರೆಬೇರೆಯಾಗಿ ತೋರಿಸಿದ. ಸಸ್ಯದೊಳಗೆ ಮಾಂಸದಂಥ ಗುಣದ ವಸ್ತುವೊಂದು ಸಿಕ್ಕಿತೆಂದು ಆಗಿನವರು ಬೆರಗಾದರು. ಗ್ಲೂಟೆನ್ ಎಂದು ಈಗ ಎಲ್ಲರ ಬಾಯಲ್ಲಿರುವುದು ಅದೇ. ಒಣಹಿಟ್ಟಿನಲ್ಲಿ ಅದು ಆ ರೂಪದಲ್ಲಿ ಇರುವುದಿಲ್ಲ. ನೀರು ಬಿದ್ದು, ಕೈ ನಾದಿದಾಗ ಎರಡು ಬಗೆಯ ಪ್ರೋಟೀನುಗಳು ಕೈಕೈ ಹಿಡಿದು ಬಲೆಯಾಗುತ್ತವೆ. ಬಿಸ್ಕತ್ತಿಗೆ ಬೆಣ್ಣೆ ಮೊದಲು ಸವರುವುದು ಆ ಕೈಗಳು ಒಂದನ್ನೊಂದು ಹಿಡಿಯದಿರಲಿ ಎಂದು, ಆಗಲೇ ಅದು ಬಾಯಲ್ಲಿ ಹುಡಿಯಾಗುವುದು. ಬನ್ನಿಗೆ ನಾದುವುದು ಅವು ಬಿಗಿಯಾಗಿ ಹಿಡಿಯಲಿ ಎಂದು. ಅಮ್ಮನಿಗೆ ಬೆಕ್ಕಾರಿಯ ಹೆಸರು ಗೊತ್ತಿರಲಿಲ್ಲ. ಅವಳ ಬೆರಳುಗಳಿಗೆ ಆ ಬಲೆ ಗೊತ್ತಿತ್ತು.

ಖಾರ ಬನ್ನಿನ ಅಳತೆಯನ್ನೂ ಬರೆದುಬಿಡುತ್ತೇನೆ. ಅರ್ಧ ಕಿಲೋ ಮೈದಾ, 7 ಗ್ರಾಂ ಒಣ ಈಸ್ಟ್, ಎರಡು ಚಮಚ ಸಕ್ಕರೆ, ಒಂದೂವರೆ ಚಮಚ ಉಪ್ಪು, ಹಾಲು ನೀರು ಸೇರಿ 300 ಮಿಲಿಲೀಟರ್ ಉಗುರುಬೆಚ್ಚಗಿನದು, ಐವತ್ತು ಗ್ರಾಂ ಬೆಣ್ಣೆ. ನಾದಿ ಮುಗಿದ ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ, ಒಂದು ಹಿಡಿ ಸಬ್ಬಸಿಗೆ ಸೊಪ್ಪು. ಸಬ್ಬಸಿಗೆ ಇಲ್ಲದ ಖಾರ ಬನ್ನು ನನ್ನ ಮಟ್ಟಿಗೆ ಖಾರ ಬನ್ನೇ ಅಲ್ಲ. ಪಾತ್ರೆಗೆ ಒದ್ದೆಬಟ್ಟೆ ಮುಚ್ಚಿ ಮೂಲೆಯಲ್ಲಿಟ್ಟೆ. "ಈಗ ಏನ್ ಮಾಡ್ಬೇಕು?" ಅಂತ ಕೇಳಿದಳು. "ಏನೂ ಮಾಡ್ಬಾರ್ದು ಕಣೇ. ಹುದುಗು ಬರೋವರೆಗೂ ಸುಮ್ನಿರ್ಬೇಕು."

ಹುದುಗು. ಬಾಯಿಂದ ಬಂದ ಮೇಲೆ ಆ ಮಾತು ಕಿವಿಯಲ್ಲಿ ಉಳಿಯಿತು. ದೋಸೆಹಿಟ್ಟಿಗೆ ಹುದುಗು ಬಂತು ಅನ್ನುತ್ತೇವೆ. ಮಗು ಸೆರಗಿನಲ್ಲಿ ಹುದುಗಿತು ಅನ್ನುತ್ತೇವೆ, ನಿಧಿ ನೆಲದಲ್ಲಿ ಹುದುಗಿದೆ ಅನ್ನುತ್ತೇವೆ. ಉಬ್ಬಿ ಮೇಲೆ ಬರುವುದಕ್ಕೂ ಅಡಗಿ ಒಳಗೆ ಕೂರುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಶಬ್ದ. ಆ ಹೊತ್ತು ಮುಚ್ಚಿದ ಬಟ್ಟೆಯ ಮುಂದೆ ಕೂತು ನೋಡಿದಾಗ ಎರಡು ಅರ್ಥಗಳೂ ಆ ಪಾತ್ರೆಯೊಳಗೇ ಇದ್ದವು.

ಅಡಗಿರುವವರು ಎಷ್ಟು ಮಂದಿ! ಒಂದು ಗ್ರಾಂ ಈಸ್ಟಿನಲ್ಲಿ ಸಾವಿರ ಕೋಟಿಯಷ್ಟು ಜೀವಕೋಶಗಳು. ಇನ್ನೂರನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರ್ ತುಂಬೀತು. ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತಾನೇ ಉಜ್ಜಿದ ಮಸೂರದಲ್ಲಿ 1680ರಲ್ಲಿ ಅವುಗಳನ್ನು ಪುಟ್ಟ ಗೋಲಿಗಳಂತೆ ಕಂಡ. ಅವು ಜೀವವಿರುವಂಥವು ಎಂದು ಅವನಿಗೆ ಹೊಳೆಯಲಿಲ್ಲ. ಅದು ಮನದಟ್ಟಾಗಲು ಇನ್ನೂ ಸುಮಾರು ನೂರೆಂಬತ್ತು ವರ್ಷ, ಪಾಶ್ಚರನ ಪ್ರಯೋಗಗಳವರೆಗೆ ಕಾಯಬೇಕಾಯಿತು. ಮನುಷ್ಯ ಸಾವಿರಾರು ವರ್ಷ ರೊಟ್ಟಿಯನ್ನು ಹುದುಗಿಸಿದ್ದು ಒಳಗೆ ಯಾರಿದ್ದಾರೆಂದು ತಿಳಿಯದೆಯೇ. ತಿಳಿಯದಿದ್ದರೂ ಅವರಿಗೆ ಏನು ಬೇಕೆಂಬುದು ಗೊತ್ತಿತ್ತು: ಸ್ವಲ್ಪ ಬೆಚ್ಚಗೆ, ಸ್ವಲ್ಪ ಸಿಹಿ, ಮುಚ್ಚಿದ ಬಟ್ಟೆ, ಹೊತ್ತು. ಒಂದು ಮಗುವಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ.

ಈ ಹೋಲಿಕೆ ಬರೀ ಮಾತಿನದಲ್ಲ. 2015ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು ಈಸ್ಟಿಗೆ ಬದುಕಲು ಬೇಕೇಬೇಕಾದ ನಾನೂರಕ್ಕೂ ಹೆಚ್ಚು ಜೀನುಗಳನ್ನು ಒಂದೊಂದಾಗಿ ತೆಗೆದು, ಆ ಜಾಗದಲ್ಲಿ ಮನುಷ್ಯರ ಜೀನನ್ನು ಇಟ್ಟು ನೋಡಿದರು. ಹೆಚ್ಚುಕಡಿಮೆ ಅರ್ಧದಷ್ಟು ಸಲ ಈಸ್ಟ್ ಏನೂ ಆಗಿಲ್ಲವೆಂಬಂತೆ ಬದುಕಿತು. ಅದಕ್ಕೂ ನಮಗೂ ಸಮಾನರಾದ ಪೂರ್ವಜರು ಇದ್ದದ್ದು ನೂರು ಕೋಟಿ ವರ್ಷಗಳ ಹಿಂದೆ. ಅಷ್ಟು ದೂರದ ನೆಂಟರು ನಮ್ಮ ಮನೆಯ ಮೂಲೆಯಲ್ಲಿ, ಒದ್ದೆಬಟ್ಟೆಯ ಕೆಳಗೆ ಸಕ್ಕರೆ ತಿಂದು ಉಸಿರು ಬಿಡುತ್ತಿದ್ದಾರೆ. ಆ ಉಸಿರನ್ನು ಗ್ಲೂಟೆನ್ ಬಲೆ ಹಿಡಿದಿಟ್ಟುಕೊಳ್ಳುತ್ತದೆ. ಹಿಟ್ಟು ಉಬ್ಬುವುದೆಂದರೆ ಇಷ್ಟೇ. ಒಂದು ಗಂಟೆಯ ಮೇಲೆ ಪುಟ್ಟಿ ಬಟ್ಟೆ ಸರಿಸಿ ನೋಡಿದಳು. ಎರಡರಷ್ಟಾಗಿತ್ತು. ಬೆರಳು ಒತ್ತಿ ತೆಗೆದಳು, ಕುಳಿ ಮೆಲ್ಲಗೆ, ಯೋಚಿಸುತ್ತಾ, ಅರ್ಧಕ್ಕೆ ತುಂಬಿಕೊಂಡಿತು. "ಉಸಿರಾಡ್ತಿದೆ ಅತ್ತೆ" ಅಂದಳು. ನಾನು ಹೇಳಿಕೊಟ್ಟಿರಲಿಲ್ಲ.

ಬನ್ನುಗಳನ್ನು ಒಲೆಗೆ ಹಾಕುವ ಗಳಿಗೆಯಲ್ಲಿ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ. ಹಿಟ್ಟಿನ ಒಳಗೆ ಅರವತ್ತು ಡಿಗ್ರಿ ದಾಟುವ ಹೊತ್ತಿಗೆ ಆ ಕೋಟಿ ಕೋಟಿ ಜೀವಗಳು ಮುಗಿಯುತ್ತವೆ. ಅದಕ್ಕೆ ಮುಂಚೆ ಕಾವು ಏರುವಾಗ ಅವು ಕೊನೆಯ ಸಲ ಜೋರಾಗಿ ಉಸಿರು ಬಿಡುತ್ತವೆ. ಬನ್ನು ಒಲೆಯೊಳಗೆ ಮೊದಲ ಐದು ನಿಮಿಷದಲ್ಲಿ ಕಣ್ಣೆದುರೇ ಮೇಲೇಳುವುದರಲ್ಲಿ ಆ ಉಸಿರಿನದೂ ಒಂದು ಪಾಲು. ಇದನ್ನು ದುಃಖ ಎನ್ನಲಾರೆ. ಆದರೆ ತಟ್ಟೆಯನ್ನು ಒಳಗಿಡುವಾಗ ಅಮ್ಮ ಯಾಕೆ ಕಣ್ಣು ಮುಚ್ಚಿ ತೆಗೆಯುತ್ತಿದ್ದಳು ಎಂದು ಈಗ ಹೊಳೆಯುತ್ತದೆ.

ಅಮ್ಮನ ಒಲೆಯ ವಿಷಯ ಹೇಳಲೇಬೇಕು. ನಮ್ಮೂರು ಹಾಸನದ ಕಡೆ, ಹೊಳೆನರಸೀಪುರದ ಹತ್ತಿರ. ಊರೂರಿಗೆ ಅಯ್ಯಂಗಾರ್ ಬೇಕರಿ ಎಂಬ ಬೋರ್ಡು ಕೊಟ್ಟದ್ದು ನಮ್ಮ ಸೀಮೆಯೇ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದ ತಿರುಮಲಾಚಾರ್ ಹಾಸನ ಜಿಲ್ಲೆಯಿಂದ ಹೋದವರು. ಮೊಟ್ಟೆ ಮುಟ್ಟದ ಮನೆತನದವರು ಬಿಳಿಯರ ಬ್ರೆಡ್ಡನ್ನು ಕಲಿತು, ಅದಕ್ಕೆ ಹಸಿಮೆಣಸಿನಕಾಯಿ, ಕರಿಬೇವು, ಕೊಬ್ಬರಿ ಬೆರೆಸಿ ನಮ್ಮದಾಗಿಸಿಬಿಟ್ಟರು. ಖಾರ ಬನ್ನು, ಆಲೂ ಬನ್ನು, ದಿಲ್‌ಪಸಂದ್, ಸಕ್ಕರೆಪಾಕದಲ್ಲಿ ನೆನೆದು ಜಾಮ್ ಬಳಿದುಕೊಂಡು ಕೊಬ್ಬರಿ ಉದುರಿಸಿಕೊಂಡ ಹನಿ ಕೇಕು, ಇವುಗಳನ್ನು ಜಗತ್ತಿನ ಬೇರೆ ಯಾವ ಮೂಲೆಯಲ್ಲಿ ಹುಡುಕುವುದು? ಸಂಜೆ ನಾಲ್ಕರ ಹೊತ್ತಿಗೆ ಬೇಕರಿಯ ಬೀದಿಯಲ್ಲಿ ನಡೆದವರಿಗೆ ಆ ಪರಿಮಳ ಹೇಗೆ ಕೈಹಿಡಿದು ಎಳೆಯುತ್ತದೆಂದು ಬರೆದು ತಿಳಿಸಬೇಕಿಲ್ಲ.

ನಮ್ಮ ಮನೆಯಲ್ಲಿ ಓವನ್ ಇರಲಿಲ್ಲ. ಅಮ್ಮ ಕುಕ್ಕರಿನ ತಳಕ್ಕೆ ಎರಡು ಬೆರಳು ದಪ್ಪ ಹೇಮಾವತಿ ಹೊಳೆಯ ಮರಳು ಹರಡುತ್ತಿದ್ದಳು. ಜರಡಿ ಹಿಡಿದು, ತೊಳೆದು, ಒಣಗಿಸಿ ಹಳೆಯ ಹಾಲಿನಪುಡಿ ಡಬ್ಬಿಯಲ್ಲಿ ಇಟ್ಟ ಮರಳು ಅದು. ಪ್ರತಿ ವರ್ಷ ಅದೇ ಮರಳು. ಗ್ಯಾಸ್ಕೆಟ್ ತೆಗೆದು, ವೆಯ್ಟ್ ಹಾಕದೆ, ಮರಳಿನ ಮೇಲೆ ಕೇಕಿನ ಪಾತ್ರೆ ಇಟ್ಟು ಮುಚ್ಚಿದರೆ ಮುಕ್ಕಾಲು ಗಂಟೆ ಯಾರೂ ಅತ್ತ ಸುಳಿಯಬಾರದು. ನನ್ನ ಎಂಟನೆಯ ಹುಟ್ಟುಹಬ್ಬಕ್ಕೆ ನಾನು ಸುಳಿದೆ. ಇಪ್ಪತ್ತು ನಿಮಿಷಕ್ಕೆ, ಅಮ್ಮ ಹಿತ್ತಲಿಗೆ ಹೋದಾಗ, ಮುಚ್ಚಳ ಎತ್ತಿದೆ. ಒಳಗೆ ಕೇಕು ಗೋಪುರದಂತೆ ಎದ್ದು ನಿಂತಿತ್ತು, ಅಂಥ ಚೆಂದ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನೋಡನೋಡುತ್ತಲೇ ನಡುಭಾಗ ನಿಟ್ಟುಸಿರು ಬಿಟ್ಟಂತೆ ಕುಸಿಯಿತು. ಅಮ್ಮ ಬಂದವಳು ಬೈಯಲಿಲ್ಲ. "ಅದಿನ್ನೂ ಗಟ್ಟಿ ಮನಸ್ಸು ಮಾಡಿರ್ಲಿಲ್ಲ ಕಂದ, ಅಷ್ಟರಲ್ಲೇ ನೋಡ್ಬಿಟ್ಟೆ" ಅಂದಳು.

ಅದಕ್ಕಿಂತ ನಿಖರವಾಗಿ ಹೇಳಲು ನನಗೆ ಇವತ್ತಿಗೂ ಬರುವುದಿಲ್ಲ. ಆ ಕೇಕಿನಲ್ಲಿ ಈಸ್ಟ್ ಇರಲಿಲ್ಲ, ಸೋಡ ಮತ್ತು ಮೊಸರು. ಮೊಸರಿನ ಹುಳಿ ಸೋಡಕ್ಕೆ ತಾಕಿದ ಕೂಡಲೇ ಗಾಳಿಗುಳ್ಳೆ ಏಳುತ್ತದೆ, ಕಾವಿಗೆ ಅವು ಹಿಗ್ಗುತ್ತವೆ, ಜೊತೆಗೆ ನೀರು ಹಬೆಯಾಗುತ್ತದೆ. ಒಂದು ಚಮಚ ನೀರು ಹಬೆಯಾದರೆ 1,600 ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಗುಳ್ಳೆಯ ಸುತ್ತಲಿನ ಗೋಡೆ ಮಾತ್ರ ಇನ್ನೂ ಹಸಿ ಹಿಟ್ಟು. ಗಂಜಿ ಬೆಂದು, ಗೋಡೆ ನಿಲ್ಲುವ ಮೊದಲೇ ತಂಪು ಗಾಳಿ ಒಳಗೆ ಬಂದರೆ ಗುಳ್ಳೆ ಕುಗ್ಗುತ್ತದೆ, ಗೋಡೆ ಅದರ ಹಿಂದೆಯೇ ಬೀಳುತ್ತದೆ. ಅವತ್ತು ನಡುವೆ ಕುಳಿಬಿದ್ದ ಕೇಕಿಗೆ ಅಮ್ಮ ಹಾಲಿನ ಕೆನೆ, ಸಕ್ಕರೆ, ಹೆಚ್ಚಿದ ಬಾಳೆಹಣ್ಣು ತುಂಬಿದಳು. ಮುಂದಿನ ವರ್ಷ ತಮ್ಮ ತನಗೂ ಗುಳಿ ಇರುವ ಕೇಕೇ ಬೇಕೆಂದು ಅತ್ತ.

ಬೇಕಿಂಗ್ ಪೌಡರಿನ ಹಿಂದೆಯೂ ಒಂದು ಮನೆಯಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಔಷಧದಂಗಡಿ ಇಟ್ಟಿದ್ದ ಆಲ್ಫ್ರೆಡ್ ಬರ್ಡ್‌ನ ಹೆಂಡತಿಗೆ ಮೊಟ್ಟೆಯೂ ಒಗ್ಗುತ್ತಿರಲಿಲ್ಲ, ಈಸ್ಟೂ ಒಗ್ಗುತ್ತಿರಲಿಲ್ಲ. ಅವಳಿಗಾಗಿ ಅವನು ಮೊದಲು ಮೊಟ್ಟೆಯಿಲ್ಲದ ಕಸ್ಟರ್ಡ್ ಮಾಡಿದ, ಆಮೇಲೆ 1843ರಲ್ಲಿ ಈಸ್ಟಿಲ್ಲದೆ ಬ್ರೆಡ್ ಉಬ್ಬಿಸುವ ಪುಡಿ. ಇವತ್ತು ನಮ್ಮ ಎಷ್ಟೋ ಮನೆಗಳಲ್ಲಿ ಮೊಟ್ಟೆ ಹಾಕದ ಕೇಕು ಏಳುವುದು, ಒಬ್ಬಳು ಹೆಣ್ಣುಮಗಳಿಗೆ ಊಟ ಒಗ್ಗದಿದ್ದುದಕ್ಕೆ ಅವಳ ಗಂಡ ಪಟ್ಟ ಚಿಂತೆಯಿಂದ. ಚಮಚದಲ್ಲಿ ಆ ಪುಡಿ ಅಳೆಯುವಾಗಲೆಲ್ಲ ನನಗೆ ಅವರಿಬ್ಬರ ಊಟದ ಮೇಜು ನೆನಪಾಗುತ್ತದೆ.

ಪುಟ್ಟಿಯ ಕೇಕಿಗೆ ಟೂಟಿಫ್ರೂಟಿ ಬೇಕಿತ್ತು. ಕೆಂಪು, ಹಸಿರು, ಹಳದಿ ಚೂರುಗಳನ್ನು ಅಂಗೈಯಲ್ಲಿ ಹರಡಿ "ಇದು ಯಾವ ಹಣ್ಣು?" ಅಂದಳು. ಪರಂಗಿಕಾಯಿ ಎಂದರೆ ನಂಬಲಿಲ್ಲ. ಹಸಿ ಪರಂಗಿಯನ್ನು ಚಿಕ್ಕ ಚೌಕಗಳಾಗಿ ಹೆಚ್ಚಿ, ಬೇಯಿಸಿ, ಪಾಕದಲ್ಲಿ ನೆನೆಸಿ, ಬಣ್ಣ ಹಾಕಿ ಒಣಗಿಸಿದ್ದು. ಪರಂಗಿ ಎಂಬ ಹೆಸರಿನಲ್ಲೇ ಅದು ಪರಂಗಿಯವರ ಹಡಗಿನಲ್ಲಿ ಬಂದ ಸುದ್ದಿಯಿದೆ. ಅದೇ ದಾರಿಯಲ್ಲಿ ಹಸಿಮೆಣಸಿನಕಾಯಿ ಬಂತು, ಕಡಲೆಕಾಯಿ ಬಂತು, ಆಲೂಗೆಡ್ಡೆ, ಗೋಡಂಬಿ, ಟೊಮೆಟೊ ಬಂದವು. ಐನೂರೈವತ್ತು ವರ್ಷ ಹಿಂದಿನ ಕನ್ನಡದ ಅಡುಗೆಮನೆಗೆ ಹೋಗಿ ನಿಂತರೆ ನಮ್ಮ ನಿಪ್ಪಟ್ಟಿನ ಡಬ್ಬಿಯಲ್ಲಿ ಮೆಣಸಿನಕಾಯಿಯ ಖಾರವೂ ಇಲ್ಲ, ಕಡಲೆಕಾಯಿಯ ಬೀಜವೂ ಇಲ್ಲ. ಇದನ್ನು ಯೋಚಿಸಿದಾಗ ನನ್ನ ಕಾಲ ಕೆಳಗಿನ ನೆಲ ಸ್ವಲ್ಪ ಅಲ್ಲಾಡುತ್ತದೆ. ನಮ್ಮದೇ ನಮ್ಮದು ಎಂದುಕೊಂಡ ರುಚಿಯಲ್ಲಿ ಎಷ್ಟೊಂದು ಸಮುದ್ರ.

ನಿಪ್ಪಟ್ಟನ್ನು ಹುಟ್ಟುಹಬ್ಬದ ದಿನ ಬೆಳಗ್ಗೆ ಮಾಡಿದೆವು. ಎರಡು ಬಟ್ಟಲು ಅಕ್ಕಿಹಿಟ್ಟು, ಅರ್ಧ ಬಟ್ಟಲು ಹುರಿಗಡಲೆ ಪುಡಿ, ಎರಡು ಚಮಚ ಚಿರೋಟಿ ರವೆ, ಹುರಿದು ತರಿತರಿಯಾಗಿ ಕುಟ್ಟಿದ ಕಡಲೆಬೀಜ, ಬಿಳಿ ಎಳ್ಳು, ಖಾರದಪುಡಿ, ಕರಿಬೇವು, ಉಪ್ಪು, ಇಂಗು, ಅದರ ಮೇಲೆ ಕಾಯಿಸಿದ ಬೆಣ್ಣೆ. ಎಣ್ಣೆ ಸವರಿದ ಬಾಳೆಎಲೆಯ ಮೇಲೆ ತಟ್ಟಬೇಕು. ಕನ್ನಡದಲ್ಲಿ ಒಂದೊಂದು ತಿಂಡಿಗೂ ಕೈಯ ಒಂದೊಂದು ಕೆಲಸ ಅಂಟಿಕೊಂಡಿದೆ. ನಿಪ್ಪಟ್ಟು ತಟ್ಟುತ್ತೇವೆ, ಚಕ್ಕುಲಿ ಒತ್ತುತ್ತೇವೆ, ಕೋಡುಬಳೆ ಹೊಸೆಯುತ್ತೇವೆ, ದೋಸೆ ಹುಯ್ಯುತ್ತೇವೆ, ಪೂರಿ ಲಟ್ಟಿಸುತ್ತೇವೆ, ಉಂಡೆ ಕಟ್ಟುತ್ತೇವೆ. ಪುಟ್ಟಿಗೆ ಇದನ್ನು ಹೇಳಿದಾಗ ಅವಳು ಒಂದೊಂದಕ್ಕೂ ಗಾಳಿಯಲ್ಲಿ ಕೈಯಾಡಿಸಿ ತೋರಿಸಿದಳು. ಕೇಕಿಗೆ ಮಾತ್ರ ಅಂಥ ಮಾತಿಲ್ಲ. ಕೇಕು ಮಾಡುತ್ತೇವೆ, ಅಷ್ಟೇ. ಇನ್ನೂ ನೂರಿನ್ನೂರು ವರ್ಷ ನಮ್ಮ ಅಡುಗೆಮನೆಗಳಲ್ಲಿ ಉಳಿದರೆ ಅದಕ್ಕೂ ಒಂದು ಕ್ರಿಯಾಪದ ಹುಟ್ಟೀತು.

ಎಣ್ಣೆ ಕಾದಿದೆಯೇ ಎಂದು ಒಂದು ಚೂರು ಹಿಟ್ಟು ಬಿಟ್ಟು ನೋಡಿದೆ. ತಳಕ್ಕೆ ಹೋಗಿ, ಒಂದು ಉಸಿರಿನಷ್ಟು ತಡೆದು, ಮೇಲೆ ಬಂತು. ಈಗ ಸರಿ. ನಿಪ್ಪಟ್ಟು ಬಿಟ್ಟ ಕೂಡಲೇ ಬಾಣಲೆ ತುಂಬ ಗದ್ದಲ. ಎಣ್ಣೆ ಕುದಿಯುತ್ತಿದೆ ಎಂದು ನಾವು ಹೇಳುತ್ತೇವೆ, ನಿಜಕ್ಕೂ ಕುದಿಯುತ್ತಿರುವುದು ಹಿಟ್ಟಿನೊಳಗಿನ ನೀರು. ಅದು ಹಬೆಯಾಗಿ ಹೊರಗೆ ಓಡುವಾಗಿನ ಸದ್ದು ಅದು. ಹೊತ್ತು ಕಳೆದಂತೆ ನೊರೆ ಕಡಿಮೆಯಾಗುತ್ತದೆ, ಸದ್ದು ತೆಳುವಾಗುತ್ತದೆ. "ಅದು ಮಾತು ನಿಲ್ಸಿದಾಗ ತೆಗಿ" ಎನ್ನುತ್ತಿದ್ದಳು ಅಮ್ಮ. ಕೊನೆಕೊನೆಗೆ ಪೊರೆಯಿಂದ ಅವಳ ಕಣ್ಣು ಮಂಜಾಗಿತ್ತು. ಆಗಲೂ ಗೋಡೆಗೆ ಒರಗಿ ಕೂತು, ನಾನು ಕರಿಯುತ್ತಿದ್ದರೆ, ಕಿವಿಗೊಟ್ಟು ಕೇಳಿ "ಈಗ" ಅನ್ನುತ್ತಿದ್ದಳು. ಒಂದು ಸಲವೂ ತಪ್ಪಲಿಲ್ಲ. ನಾನು ಈಗ ಹಾಗೆ ಕಣ್ಣುಮುಚ್ಚಿ ಕೇಳುತ್ತೇನೆ. ಪುಟ್ಟಿಗೂ ಕಣ್ಣು ಮುಚ್ಚಲು ಹೇಳಿದೆ. ಮೂರನೆಯ ಬಾರಿಗೆ ಅವಳು ನನಗಿಂತ ಅರ್ಧ ಕ್ಷಣ ಮೊದಲೇ "ಈಗ" ಅಂದಳು.

ಗರಿಗರಿ ಎಂಬುದೂ ಕಿವಿಯದೇ ರುಚಿ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಚಾರ್ಲ್ಸ್ ಸ್ಪೆನ್ಸ್ ಮತ್ತು ಮಾಸ್ಸಿಮಿಲಿಯಾನೊ ಜಂಪೀನಿ 2004ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜನರಿಗೆ ಆಲೂಗೆಡ್ಡೆ ಚಿಪ್ಸ್ ಕಡಿಯಲು ಕೊಟ್ಟು, ಕಡಿಯುವ ಸದ್ದನ್ನು ಮೈಕಿನಲ್ಲಿ ಹಿಡಿದು ಅವರ ಕಿವಿಗೇ ಹೆಡ್‌ಫೋನಿನಲ್ಲಿ ಕೇಳಿಸಿದರು. ಸದ್ದನ್ನು, ಅದರಲ್ಲೂ ಅದರ ತೀಕ್ಷ್ಣ ಸ್ವರಗಳನ್ನು ಹೆಚ್ಚಿಸಿದಾಗ ಅದೇ ಚಿಪ್ಸ್ ಹೆಚ್ಚು ಗರಿಗರಿ, ತಾಜಾ ಎನ್ನಿಸಿತು. ತಗ್ಗಿಸಿದಾಗ ಹಳತು ಎನ್ನಿಸಿತು. ನಮ್ಮ ಭಾಷೆಗೆ ಇದು ಮೊದಲೇ ಗೊತ್ತಿದ್ದಂತಿದೆ. ಗರಿಗರಿ, ಕುರುಕುರು, ಕಟುಂ ಕುಟುಂ ಎಲ್ಲವೂ ಹಲ್ಲಿನ ಮೂಲಕ ಕಿವಿಗೆ ಬಂದ ಶಬ್ದಗಳು. ನೀರು ಹೋಗುವಾಗ ಒಂದು ಸದ್ದು, ನೀರು ಹೋದ ಮೇಲೆ ಇನ್ನೊಂದು ಸದ್ದು.

ಮಧ್ಯಾಹ್ನ ಮೂರಕ್ಕೆ ಬನ್ನುಗಳು ಒಲೆಯಲ್ಲಿದ್ದವು. ನೀರಿರುವವರೆಗೆ ಯಾವ ಹಿಟ್ಟೂ ನೀರಿನ ಕುದಿಬಿಂದುವನ್ನು ದಾಟುವುದಿಲ್ಲ. ನಾವೀಗ ಇರುವ ಮೈಸೂರಿನ ಎತ್ತರದಲ್ಲಿ ಅದು 97 ಡಿಗ್ರಿಯ ಆಸುಪಾಸು. ಬನ್ನಿನ ಒಡಲು ಅಲ್ಲಿಗೇ ನಿಲ್ಲುತ್ತದೆ, ಬೆಳ್ಳಗೆ, ಮೆತ್ತಗೆ ಉಳಿಯುತ್ತದೆ. ಮೇಲ್ಮೈ ಮಾತ್ರ ಒಣಗಿ ನೂರನಲವತ್ತರ ಆಚೆ ಹೋಗುತ್ತದೆ, ಅಲ್ಲಿ ಸಕ್ಕರೆಗಳೂ ಪ್ರೋಟೀನಿನ ಚೂರುಗಳೂ ಸೇರಿ ನೂರಾರು ಹೊಸ ವಸ್ತುಗಳಾಗುತ್ತವೆ. ಫ್ರಾನ್ಸಿನ ಲೂಯಿ ಕಾಮಿಯ್ ಮಯ್ಯಾರ್ 1912ರಲ್ಲಿ ಇದನ್ನು ಬರೆದಾಗ ಅವನ ಮನಸ್ಸಿನಲ್ಲಿ ಬನ್ನು ಇರಲಿಲ್ಲ, ಜೀವಿಗಳ ದೇಹದಲ್ಲಿ ಪ್ರೋಟೀನು ಹೇಗೆ ಕಟ್ಟಿಕೊಳ್ಳುತ್ತದೆಂದು ಹುಡುಕುತ್ತಿದ್ದ. ಕಾಫಿಬೀಜ ಹುರಿದ ಕಂಪು, ದೋಸೆಯ ಕೆಂಪು, ಬನ್ನಿನ ನೆತ್ತಿಯ ಹೊನ್ನು, ಎಲ್ಲದರಲ್ಲೂ ಆ ಕ್ರಿಯೆಯ ಕೈವಾಡವಿದೆ. ಆ ಕಂಪಿನಲ್ಲಿರುವ ಒಂದು ಅಣು, ನೂರು ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ನಮ್ಮ ಮೂಗು ಅದನ್ನು ಹಿಡಿಯುತ್ತದೆ. ಬಾಸುಮತಿಯಂಥ ಪರಿಮಳದ ಅಕ್ಕಿಯಲ್ಲಿರುವುದೂ ಅದೇ ಅಣು. ಬನ್ನು ಬೇಯುವ ಮನೆಯೂ ಒಳ್ಳೆಯ ಅನ್ನ ಬೇಯುವ ಮನೆಯೂ ಯಾಕೆ ಒಂದೇ ರೀತಿ "ಬಾ" ಅನ್ನುತ್ತವೆ ಎಂಬುದು ನನಗೆ ಆಗ ತಿಳಿಯಿತು. ಕೆಳಗಿನ ಮನೆಯ ಅಜ್ಜಿ ಹೊತ್ತಿಗೆ ಮುಂಚೆಯೇ ಮೆಟ್ಟಿಲು ಹತ್ತಿ ಬಂದರು. ಯಾರೂ ಕರೆಯಲು ಹೋಗಿರಲಿಲ್ಲ.

ಹುಟ್ಟುಹಬ್ಬ ಎಲ್ಲ ಹುಟ್ಟುಹಬ್ಬದಂತೆ ನಡೆಯಿತು. ಅರ್ಧ ಗಂಟೆಯಲ್ಲಿ ತಟ್ಟೆಗಳು ಖಾಲಿ. ಒಬ್ಬ ಹುಡುಗ ನಿಪ್ಪಟ್ಟಿನ ಮೇಲಿದ್ದುದನ್ನೆಲ್ಲ ತಿಂದು, ನಿಪ್ಪಟ್ಟನ್ನು ಜೇಬಿಗೆ ಹಾಕಿಕೊಂಡ. ಅತ್ತಿಗೆ ಕೊನೆಗೆ ಮೂರು ಬನ್ನು, ಆರು ಬಿಸ್ಕತ್ತು ಎತ್ತಿಟ್ಟರು. ಸುಸ್ತಾಗಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಹಾಕುವುದನ್ನು ಯಾರೂ ನೋಡಲಿಲ್ಲ. ರಾತ್ರಿ ಮಳೆ ಬಂತು.

ಮಾರನೆಯ ದಿನ ಭಾನುವಾರ. ಪುಟ್ಟಿ ಎದ್ದವಳೇ ಬಂದು ಎರಡನ್ನೂ ಕೈಗೆ ತೆಗೆದುಕೊಂಡಳು. ಬಿಸ್ಕತ್ತು ಬಾಗುವಷ್ಟು ಮೆತ್ತಗಾಗಿತ್ತು, ಬನ್ನು ಬಿಗಿದಿತ್ತು. ಅವಳ ಪ್ರಶ್ನೆ ನಮ್ಮ ನಡುವೆ ಮತ್ತೆ ಬಂದು ಕೂತಿತು. ಬಿಸ್ಕತ್ತಿನ ಕಥೆ ಸುಲಭ. ಒಣಗಿಸಿ ನೀರು ಕಳೆದಿದ್ದೆವು, ಅದು ಮಳೆಗಾಳಿಯಿಂದ ನೀರನ್ನು ಮತ್ತೆ ಎಳೆದುಕೊಂಡಿದೆ. ಬನ್ನು ನೀರು ಆರಿ ಗಟ್ಟಿಯಾಗುತ್ತದೆ ಎಂದು ನಾನೂ ಬಹಳ ವರ್ಷ ನಂಬಿದ್ದೆ. ಹಾಗಲ್ಲ. ಫ್ರಾನ್ಸಿನ ಬೂಸಿಂಗೋ 1852ರಲ್ಲೇ ಬ್ರೆಡ್ಡನ್ನು ಹನಿ ನೀರೂ ಹೊರಹೋಗದಂತೆ ಮುಚ್ಚಿಟ್ಟು ನೋಡಿದ. ಆಗಲೂ ಅದು ಹಳತಾಯಿತು. ನೀರು ಒಳಗೇ ಇದೆ. ಬೆಂದಾಗ ಸಡಿಲವಾಗಿ ಹರಡಿದ್ದ ಗಂಜಿಯ ಎಳೆಗಳು, ತಣ್ಣಗಾದ ಮೇಲೆ ಮೆಲ್ಲಮೆಲ್ಲಗೆ ಒಂದರ ಪಕ್ಕ ಒಂದು ಸರಿದು, ಸಾಲುಗಟ್ಟಿ, ಬಿಗಿದುಕೊಳ್ಳುತ್ತವೆ. ಅಕ್ಕಿಯೊಳಗೆ, ಗೋಧಿಯೊಳಗೆ ಇದ್ದಾಗಿನ ತಮ್ಮ ಹಳೆಯ ಅಚ್ಚುಕಟ್ಟನ್ನು ನೆನಪಿಸಿಕೊಂಡಂತೆ. ಮತ್ತೆ ಅರವತ್ತು ಡಿಗ್ರಿ ದಾಟುವಷ್ಟು ಕಾವು ಕೊಟ್ಟರೆ ಆ ಬಿಗಿ ಬಿಡುತ್ತದೆ.

ಇದನ್ನು ಬಾಯಲ್ಲಿ ಹೇಳಲಿಲ್ಲ. "ಎರಡನ್ನೂ ಒಂದೇ ತಟ್ಟೇಲಿ ಇಡು" ಅಂದೆ. ಬನ್ನಿನ ಮೇಲೆ ತನ್ನ ಕೈಯಿಂದಲೇ ಸ್ವಲ್ಪ ನೀರು ಚಿಮುಕಿಸಿದಳು. ಮೂರು ಬನ್ನು ಒಂದು ಕಡೆ, ಆರು ಬಿಸ್ಕತ್ತು ಇನ್ನೊಂದು ಕಡೆ. ಒಂದೇ ಒಲೆ, ಒಂದೇ ಕಾವು, ಎಂಟು ನಿಮಿಷ. ಅವಳು ಗಾಜಿನ ಬಾಗಿಲ ಮುಂದೆ ನೆಲದ ಮೇಲೆ ಮಂಡಿಯೂರಿ ಕೂತಳು. ಹೊರಗೆ ಮಳೆ ಇನ್ನೂ ಹನಿಯುತ್ತಿತ್ತು. ತೆಗೆದಾಗ ಎರಡೂ ಮೆತ್ತಗಿದ್ದವು. ಅವಳ ಮುಖ ಬಾಡಿತು.

"ಬನ್ನು ಈಗಲೇ ತಿನ್ನು" ಅಂದೆ. "ಬಿಸ್ಕತ್ತು ಆರ್ಲಿ."

ಬನ್ನನ್ನು ಎರಡು ಭಾಗ ಮಾಡಿದಳು. ಒಳಗಿನಿಂದ ಸಬ್ಬಸಿಗೆಯ ವಾಸನೆಯ ಹಬೆ ಎದ್ದು ಅವಳ ಕೆನ್ನೆಗೆ ತಾಗಿತು. ಅರ್ಧ ನನಗೆ ಕೊಟ್ಟಳು. ಮೆತ್ತಗೆ, ನಿನ್ನೆಯದೇ ಬನ್ನು. ತಿನ್ನುತ್ತಾ ಅವಳು ಬಿಸ್ಕತ್ತಿನ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ. ಒಂದು ಸಲ ಬೆರಳ ತುದಿಯಿಂದ ಮುಟ್ಟಿದಳು, ಇನ್ನೂ ಬಿಸಿ. ಇನ್ನೊಂದು ಸಲ ಮುಟ್ಟಿದಳು. ಆಮೇಲೆ ಒಂದನ್ನು ಎತ್ತಿ, ಕಣ್ಣು ಮುಚ್ಚಿ, ಕಿವಿಯ ಹತ್ತಿರ ಹಿಡಿದು ಮುರಿದಳು.